ಕೈಗೆ ಬಂದ ಮಗು

ಆಮ್‌ಸ್ಟರ್‌ಡ್ಯಾಮಿನ ಪ್ಲಾಂಟಾಜ್ ಮಿಡನ್‌ಲಾನ್ ಎಂಬ ಬೀದಿಯಲ್ಲಿ ಒಂದು ನಾಟಕಶಾಲೆ, ಅದರ ಎದುರಿಗೊಂದು ಶಿಶುವಿಹಾರ. ನಡುವೆ ಟ್ರಾಮ್ ಓಡಾಡುವ ರಸ್ತೆ. 1940ರ ಮೇ ತಿಂಗಳಲ್ಲಿ ಜರ್ಮನಿ ನೆದರ್ಲೆಂಡ್ಸನ್ನು ವಶಪಡಿಸಿಕೊಂಡಿತು. 1942ರ ಬೇಸಿಗೆಯ ಹೊತ್ತಿಗೆ ಆ ನಾಟಕಶಾಲೆ ಯೆಹೂದಿಗಳನ್ನು ಕೂಡಿಹಾಕುವ ಜಾಗವಾಯಿತು. ಮನೆಮನೆಯಿಂದ ಎಳೆದು ತಂದವರನ್ನು ಕೆಲವು ಗಂಟೆಯೋ ಕೆಲವು ದಿನವೋ ಅಲ್ಲಿಟ್ಟು, ಅಲ್ಲಿಂದ ವೆಸ್ಟರ್‌ಬೋರ್ಕ್ ಶಿಬಿರಕ್ಕೆ, ಮುಂದೆ ಪೋಲೆಂಡಿನ ಕೊಲೆಶಿಬಿರಗಳಾದ ಆಶ್ವಿಟ್ಸ್‌ಗೋ ಸೋಬಿಬೋರ್‌ಗೋ ರೈಲಿನಲ್ಲಿ ಸಾಗಿಸುತ್ತಿದ್ದರು. ಕಿಕ್ಕಿರಿದ ಸಭಾಂಗಣದಲ್ಲಿ ಮಕ್ಕಳ ಅಳು, ಗಲಾಟೆ ಕಾವಲಿನವರಿಗೆ ತಲೆನೋವಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಚಿಕ್ಕ ಮಕ್ಕಳನ್ನೆಲ್ಲ ಎದುರಿನ ಶಿಶುವಿಹಾರದಲ್ಲಿಡುವಂತೆ ಅಪ್ಪಣೆಯಾಯಿತು. ಹೆತ್ತವರು ಈ ಬದಿ, ಮಕ್ಕಳು ಆ ಬದಿ. ರೈಲಿನ ದಿನ ಮಕ್ಕಳನ್ನು ರಸ್ತೆ ದಾಟಿಸಿ ಹೆತ್ತವರ ಕೈಗೆ ಒಪ್ಪಿಸಬೇಕು, ಎಲ್ಲರೂ ಒಟ್ಟಿಗೆ ಹೊರಡಬೇಕು.

ನಾಟಕಶಾಲೆಯ ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಶಿಶುವಿಹಾರದ ಬಾಗಿಲು ನೇರವಾಗಿ ಕಾಣುತ್ತಿತ್ತು. ಟ್ರಾಮ್ ಬಂದು ನಡುವೆ ನಿಂತಾಗ ಮಾತ್ರ ಕಾಣುತ್ತಿರಲಿಲ್ಲ. ಜನ ಹತ್ತಿ ಇಳಿಯುವ ಆ ಕೆಲವು ಕ್ಷಣಗಳಲ್ಲಿ ಶಿಶುವಿಹಾರದಿಂದ ಯಾರೋ ಹೊರಬರುತ್ತಿದ್ದರು. ಬೆನ್ನಿಗೆ ಚೀಲವಿರಬಹುದು, ಕೈಯಲ್ಲಿ ಬಟ್ಟೆ ತುಂಬುವ ಬುಟ್ಟಿಯಿರಬಹುದು, ಸ್ವಲ್ಪ ದೊಡ್ಡ ಮಗುವಾದರೆ ಕೈ ಹಿಡಿದು ನಡೆಸಿಕೊಂಡೇ ಬರಬಹುದು. ಟ್ರಾಮಿನ ಮರೆಯಲ್ಲಿ ಅದರ ಜೊತೆಜೊತೆಗೇ ನಡೆದು ಮುಂದಿನ ನಿಲ್ದಾಣದಲ್ಲಿ ಹತ್ತಿಬಿಟ್ಟರೆ ಆಯಿತು, ಆ ಮಗು ಪಟ್ಟಿಯಿಂದಲೂ ಊರಿನಿಂದಲೂ ಕಾಣೆ. ಹೀಗೆಯೂ ಬೇರೆ ದಾರಿಗಳಿಂದಲೂ ಒಂದು ವರ್ಷದೊಳಗೆ ಆ ಶಿಶುವಿಹಾರದಿಂದ ಸುಮಾರು 600 ಮಕ್ಕಳು ಪಾರಾದರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಮಕ್ಕಳು ರೈಲು ಹತ್ತಿದರು.

ಇಂಥ ಸಂಗತಿಗಳನ್ನು ಸಾಹಸಕಥೆಯಂತೆ ಓದುವುದು ನಮಗೆ ರೂಢಿ. ಟ್ರಾಮ್ ಸರಿಯುವುದರೊಳಗೆ ದಾಟಿದರೋ ಇಲ್ಲವೋ ಎಂದು ಉಸಿರು ಬಿಗಿಹಿಡಿಯುತ್ತೇವೆ, ದಾಟಿದರು ಎಂದು ತಿಳಿದ ಮೇಲೆ ನಿಟ್ಟುಸಿರು ಬಿಟ್ಟು ಪುಸ್ತಕ ಮುಚ್ಚುತ್ತೇವೆ. ಆದರೆ ಟ್ರಾಮ್ ಬರುವುದಕ್ಕೆ ಮುಂಚೆ ಒಂದು ಮಾತುಕತೆ ನಡೆದಿರುತ್ತಿತ್ತು. ಯುದ್ಧ ಮುಗಿದ ಮೇಲೆ ಇನ್ನೊಂದು ಮಾತುಕತೆ ನಡೆಯಬೇಕಿತ್ತು. ಮಕ್ಕಳನ್ನು ಕಾಪಾಡುವುದು ಎಂದರೇನು ಎಂಬ ಪ್ರಶ್ನೆ ಈ ಎರಡರ ನಡುವೆ ಇದೆ. ಟ್ರಾಮಿನ ಕ್ಷಣ ಅದರ ಒಂದು ತುಣುಕು ಮಾತ್ರ.

ಮೊದಲನೆಯ ಮಾತುಕತೆ ನಾಟಕಶಾಲೆಯ ಒಳಗೆ. ಶಿಶುವಿಹಾರದ ದಾದಿಯರು ಬಹುಪಾಲು ಹದಿನಾರು, ಹದಿನೆಂಟು, ಇಪ್ಪತ್ತು ವಯಸ್ಸಿನ ಯೆಹೂದಿ ಹುಡುಗಿಯರು. ಹೆತ್ತವರಿದ್ದ ಮಗುವನ್ನು ಅವರ ಒಪ್ಪಿಗೆಯಿಲ್ಲದೆ ಸಾಗಿಸುವಂತಿರಲಿಲ್ಲ. ರೈಲಿನ ದಿನ ಲೆಕ್ಕ ತಪ್ಪಿದರೆ ಎಲ್ಲರಿಗೂ ಅಪಾಯ. ಹಾಗಾಗಿ ಅವರಲ್ಲಿ ಒಬ್ಬಳು ರಸ್ತೆ ದಾಟಿ ಹೋಗಿ, ಆ ಗದ್ದಲದಲ್ಲಿ ಒಬ್ಬ ತಾಯಿಯನ್ನು ಹುಡುಕಿ, ಯಾರ ಕಿವಿಗೂ ಬೀಳದ ಹಾಗೆ ಕೇಳಬೇಕು: ನಿಮ್ಮ ಮಗುವನ್ನು ನಮಗೆ ಕೊಡುತ್ತೀರಾ?

ಆ ತಾಯಿ ತಿರುಗಿ ಏನು ಕೇಳಿಯಾಳು? ಎಲ್ಲಿಗೆ ಒಯ್ಯುತ್ತೀರಿ ಎಂದರೆ ಉತ್ತರವಿಲ್ಲ, ಏಕೆಂದರೆ ಹುಡುಗಿಗೇ ಗೊತ್ತಿಲ್ಲ, ಗೊತ್ತಿದ್ದರೂ ಹೇಳಬಾರದು. ಯಾರು ಸಾಕುತ್ತಾರೆ, ಯಾವ ಹೆಸರಿಡುತ್ತಾರೆ, ಮತ್ತೆ ಎಂದು ನೋಡುವುದು, ಯಾವುದಕ್ಕೂ ಉತ್ತರವಿಲ್ಲ. ಇನ್ನೊಂದು ಕಡೆ ಜರ್ಮನ್ನರು, ಪೂರ್ವದಲ್ಲಿ ಕೆಲಸದ ಶಿಬಿರಗಳಿವೆ, ಸಂಸಾರ ಸಮೇತ ಹೋಗಬಹುದು ಎಂದಿದ್ದಾರೆ. ಗುರುತಿಲ್ಲದವರ ಕೈಗೆ ಎಳೆಗೂಸನ್ನು ಕೊಟ್ಟು ತಾನೊಬ್ಬಳೇ ಹೋಗುವುದೋ, ಏನು ಬಂದರೂ ಒಟ್ಟಿಗೆ ಅನುಭವಿಸೋಣವೆಂದು ಎದೆಗವಚಿಕೊಂಡು ಹೋಗುವುದೋ? ಎಷ್ಟೋ ತಾಯಂದಿರು ಒಪ್ಪಲಿಲ್ಲ. ಇಂದು ಸೋಬಿಬೋರ್ ಏನೆಂದು ಬಲ್ಲ ನಮಗೆ ಅದು ತಪ್ಪು ಲೆಕ್ಕವೆಂದು ಕಾಣಬಹುದು. ಅಂದು ಆ ನೆಲದ ಮೇಲೆ ಕೂತವಳಿಗೆ ಮಗುವನ್ನು ಬಿಡದಿರುವುದೇ ತಾಯ್ತನದ ಕೊನೆಯ ಧರ್ಮವಾಗಿತ್ತು. ಒಪ್ಪಿದವಳ ಪ್ರೀತಿ ಹೆಚ್ಚಿನದು, ಒಪ್ಪದವಳದು ಕಡಿಮೆ ಎಂದು ತೂಗುವ ತಕ್ಕಡಿ ಯಾರ ಬಳಿಯೂ ಇಲ್ಲ.

ಒಪ್ಪಿದವಳಿಗೆ ಇನ್ನೊಂದು ಕೆಲಸ ಉಳಿದಿರುತ್ತಿತ್ತು. ಕಂಕುಳಲ್ಲಿ ಕೂಸಿನೊಡನೆ ಬಂದವಳು ಕೂಸಿನೊಡನೆಯೇ ಹೊರಡಬೇಕಲ್ಲ. ಆಗ ದಾದಿಯರು ಬಟ್ಟೆಯಲ್ಲಿ ಸುತ್ತಿದ ಗೊಂಬೆಯೊಂದನ್ನು ಅವಳ ಕೈಗಿಡುತ್ತಿದ್ದರು. ಕಾವಲಿನವರ ಮುಂದೆ ಅದನ್ನೇ ತೋಳಲ್ಲಿ ಆಡಿಸುತ್ತ ಅವಳು ಹೊರಡಬೇಕಿತ್ತು.

ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಗೋವಿನ ಹಾಡಿನಲ್ಲಿ ಇಂಥದೇ ಒಂದು ಗಳಿಗೆಯಿದೆ. ಹುಲಿಗೆ ಕೊಟ್ಟ ಮಾತಿನಂತೆ ಸಾಯಲು ಹೊರಟ ಪುಣ್ಯಕೋಟಿ ತನ್ನ ಕರುವನ್ನು ದೊಡ್ಡಿಯ ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ, ನಿಮ್ಮದೇ ಎಂದು ನೋಡಿಕೊಳ್ಳಿ ಎನ್ನುತ್ತಾಳೆ. ನಾವು ಆ ಹಾಡನ್ನು ಸತ್ಯದ ಹಾಡು ಎಂದೇ ಕಲಿತಿದ್ದೇವೆ. ಪುಣ್ಯಕೋಟಿಯ ನಡೆಗೆ ಕಣ್ಣೀರಾಗುತ್ತೇವೆ, ಹುಲಿಯ ಪಶ್ಚಾತ್ತಾಪಕ್ಕೆ ತಲೆದೂಗುತ್ತೇವೆ. ಆ ಕರುವಿಗೆ ಹೂಂ ಎಂದ ಹಸುಗಳ ಬಗ್ಗೆ ನಾವು ಯೋಚಿಸುವುದೇ ಇಲ್ಲ. ತಾಯಿ ತಿರುಗಿ ಬಾರದಿದ್ದರೆ ಅವು ಆ ಮಾತನ್ನು ವರ್ಷಗಟ್ಟಲೆ ಹೊರಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನ ಹುಲಿಗೆ ಪಶ್ಚಾತ್ತಾಪ ಹುಟ್ಟಲಿಲ್ಲ. ಅಲ್ಲಿಯ ಕಥೆಯ ಭಾರವೆಲ್ಲ ಹೂಂ ಎಂದವರ ಮೇಲೆ ಬಿತ್ತು.

ಮೊದಲು ಹೂಂ ಎಂದವರು ಯಾರು? ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್. 1876ರಲ್ಲಿ ಹುಟ್ಟಿದ, ಅರವತ್ತೈದು ದಾಟಿದ ಹೆಂಗಸು. ಎದುರಿನ ನಾಟಕಶಾಲೆಯಲ್ಲಿ ಮೇಲ್ವಿಚಾರಕನಾಗಿದ್ದವನು ವಾಲ್ಟರ್ ಸೂಸ್‌ಕಿಂಡ್, ಜರ್ಮನಿಯಿಂದ ಓಡಿಬಂದ ಯೆಹೂದಿ. ಹಿಂದೆ ಕಂಪನಿಯಲ್ಲಿ ಕೆಲಸ ಮಾಡಿದವನು, ಮಾತಿನ ಜಾಣ. ಜರ್ಮನ್ ಅಧಿಕಾರಿಗಳಿಗೆ ಕುಡಿಸಿ, ಹರಟೆ ಹೊಡೆದು, ಅವರ ನಂಬಿಕೆ ಗಳಿಸಿದ್ದ. ಮಗು ಹೊರಗೆ ಹೋದರೆ ಅದರ ಚೀಟಿಯೂ ಕಡತದಿಂದ ಹೋಗಬೇಕಲ್ಲ. ಆ ಕೆಲಸವನ್ನು ಅವನೂ ಫೆಲಿಕ್ಸ್ ಹಾಲ್ವರ್‌ಸ್ಟಾಡ್ ಎಂಬ ಸಹೋದ್ಯೋಗಿಯೂ ಮಾಡುತ್ತಿದ್ದರು. ಪಿಮೆಂಟೆಲ್‌ರನ್ನು 1943ರ ಜುಲೈನಲ್ಲಿ ಹಿಡಿದು ಒಯ್ದರು, ಸೆಪ್ಟೆಂಬರಿನಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು. ಸೂಸ್‌ಕಿಂಡ್‌ನ ಹೆಂಡತಿ, ಪುಟ್ಟ ಮಗಳು ಅಲ್ಲಿಯೇ ಸತ್ತರು; ಅವನು 1945ರ ಆರಂಭದಲ್ಲಿ ಸತ್ತ. ಅಷ್ಟು ಮಕ್ಕಳ ಹೆಸರನ್ನು ಪಟ್ಟಿಯಿಂದ ತೆಗೆದವನಿಗೆ ತನ್ನ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಯೆಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಗೌರವದ ಬಿರುದು ಕೊಡುತ್ತದೆ. ಈವರೆಗೆ 28,000ಕ್ಕೂ ಹೆಚ್ಚು ಮಂದಿಗೆ ಸಂದಿರುವ ಆ ಬಿರುದು ನೆದರ್ಲೆಂಡ್ಸ್ ಒಂದರಲ್ಲೇ ಹೆಚ್ಚುಕಡಿಮೆ 6,000 ಜನಕ್ಕೆ ಸಿಕ್ಕಿದೆ. ಪಿಮೆಂಟೆಲ್, ಸೂಸ್‌ಕಿಂಡ್ ಯೆಹೂದಿಗಳಾದ್ದರಿಂದ ಆ ಪಟ್ಟಿಯಲ್ಲಿ ಇರುವಂತಿಲ್ಲ. ನಿಯಮಕ್ಕೆ ಅದರದೇ ಕಾರಣವಿದೆ. ಆದರೂ ನಾವು ಕಥೆ ಹೇಳುವಾಗ ಕಾಪಾಡಿದವರನ್ನು ಒಂದು ಕಡೆ, ಕಾಪಾಡಿಸಿಕೊಂಡವರನ್ನು ಇನ್ನೊಂದು ಕಡೆ ನಿಲ್ಲಿಸಿಬಿಡುತ್ತೇವೆ. ನಿಜದಲ್ಲಿ ಮೊದಲ ಕೊಂಡಿಗಳೆಲ್ಲ ಸ್ವತಃ ರೈಲಿನ ಸರದಿಯಲ್ಲಿದ್ದವರೇ.

ಅವರ ಕೈಯಿಂದ ಮಗು ಹೋಗುತ್ತಿದ್ದುದು ಕಾಲೇಜು ವಿದ್ಯಾರ್ಥಿಗಳ ಕೈಗೆ. ಉಟ್ರೆಕ್ಟ್ ವಿದ್ಯಾರ್ಥಿಗಳದೊಂದು ತಂಡ, ಆಮ್‌ಸ್ಟರ್‌ಡ್ಯಾಮ್ ವಿದ್ಯಾರ್ಥಿಗಳದೊಂದು, ಜೊತೆಗೆ ಎನ್.ವಿ. ಎಂದೂ ಟ್ರೌ ಎಂದೂ ಕರೆಸಿಕೊಂಡ ಇನ್ನೆರಡು ಗುಂಪುಗಳು. ಕಪ್ಪು ಕೂದಲಿನ ಮಕ್ಕಳನ್ನು ದಕ್ಷಿಣದ ಲಿಂಬರ್ಗ್ ಕಡೆಗೆ, ಹೊಂಗೂದಲಿನವರನ್ನು ಉತ್ತರದ ಫ್ರೀಸ್‌ಲ್ಯಾಂಡ್ ಕಡೆಗೆ ಒಯ್ಯುತ್ತಿದ್ದರು. ನೆರೆಹೊರೆಯ ಕಣ್ಣಿಗೆ ಬೀಳಬಾರದಲ್ಲ. ಲಿಂಬರ್ಗ್‌ನಲ್ಲಿ ಬಾಗಿಲು ತೆರೆದವರಲ್ಲಿ ಕಲ್ಲಿದ್ದಲು ಗಣಿಯ ಕೂಲಿಗಳ ಮನೆಗಳೂ ಇದ್ದವು. ಮೊದಲೇ ಮನೆ ತುಂಬ ಮಕ್ಕಳು, ಅವರ ಜೊತೆಗೆ ಇನ್ನೊಂದು.

ಸಾಕುವವರಿಗೆ ರೇಷನ್ ಚೀಟಿ ಬೇಕು, ದುಡ್ಡು ಬೇಕು. ಉಟ್ರೆಕ್ಟ್ ತಂಡ ದುಡ್ಡಿಗಾಗಿ ಒಂದು ಕವಿತೆ ಮಾರಿತು. ಯಾನ್ ಕಾಂಪರ್ಟ್ ಎಂಬ ಕವಿ, ಜರ್ಮನ್ನರು ಗುಂಡಿಟ್ಟು ಕೊಂದ ಹದಿನೆಂಟು ಮಂದಿಯ ಬಗ್ಗೆ ಬರೆದ ಕವಿತೆ ಅದು. ಯೆಹೂದಿಗಳಿಗೆ ಗಡಿ ದಾಟಲು ನೆರವಾದದ್ದಕ್ಕೆ ಬಂಧಿತನಾದ ಕಾಂಪರ್ಟ್ 1943ರ ಜನವರಿಯಲ್ಲಿ ಶಿಬಿರದಲ್ಲಿ ಸತ್ತ. ಅದೇ ವರ್ಷ ಆ ಕವಿತೆಯನ್ನು ಒಂದು ಹಾಳೆಯ ಮೇಲೆ ಗುಟ್ಟಾಗಿ ಅಚ್ಚುಹಾಕಿ ಐದು ಗಿಲ್ಡರ್‌ಗೆ ಒಂದರಂತೆ ಮಾರಿದರು. ಬಂದ ಹಣವೆಲ್ಲ ಅಡಗಿದ್ದ ಮಕ್ಕಳ ಅನ್ನಕ್ಕೆ. ಆ ಕಳ್ಳಮುದ್ರಣದಿಂದ ಹುಟ್ಟಿದ ಡೆ ಬೇಜಿಗೆ ಬೈ ಎಂಬ ಪ್ರಕಾಶನ ಇಂದಿಗೂ ಡಚ್ ಸಾಹಿತ್ಯದ ದೊಡ್ಡ ಸಂಸ್ಥೆ. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಇನ್ನೊಂದು ದರವೂ ಚಾಲ್ತಿಯಲ್ಲಿತ್ತು. ಅಡಗಿದ ಯೆಹೂದಿಯನ್ನು ಹಿಡಿದುಕೊಟ್ಟರೆ ತಲೆಗೆ ಏಳೂವರೆ ಗಿಲ್ಡರ್. ಹೆನ್ನೆಕೆ ಎಂಬವನ ತಂಡ ಇದನ್ನೇ ಕಸುಬು ಮಾಡಿಕೊಂಡು ಕೆಲವೇ ತಿಂಗಳಲ್ಲಿ ಸಾವಿರಾರು ಜನರನ್ನು ಒಪ್ಪಿಸಿತು.

ಆ ತಂಡದವರೂ ಸಾಮಾನ್ಯ ಡಚ್ಚರೇ. ಮಗುವನ್ನು ಮರೆಮಾಡಿದ ಅದೇ ಟ್ರಾಮ್ ವ್ಯವಸ್ಥೆ ರಾತ್ರಿ ಹೊತ್ತು ಯೆಹೂದಿಗಳನ್ನು ರೈಲು ನಿಲ್ದಾಣಕ್ಕೆ ಸಾಗಿಸುತ್ತಿತ್ತು, ಅದಕ್ಕೆ ಬಿಲ್ಲು ಕೊಟ್ಟು ಹಣ ಪಡೆಯುತ್ತಿತ್ತು. ಚಾಲಕ ಗಾಡಿ ಓಡಿಸಿದ, ಗುಮಾಸ್ತ ಲೆಕ್ಕ ಬರೆದ, ಪೊಲೀಸ್ ಬಾಗಿಲು ತಟ್ಟಿದ. ನೆದರ್ಲೆಂಡ್ಸ್ ಅಚ್ಚುಕಟ್ಟಾದ ದೇಶ, ಜನನ ಮರಣ ಧರ್ಮ ಎಲ್ಲವೂ ದಾಖಲೆಯಲ್ಲಿದ್ದವು. ಅಲ್ಲಿದ್ದ ಸುಮಾರು 1,40,000 ಯೆಹೂದಿಗಳಲ್ಲಿ 1,02,000ದಷ್ಟು ಜನ ಸತ್ತರು. ನಾಲ್ಕರಲ್ಲಿ ಮೂರು ಪಾಲು. ಹಾಗಾಗಿ ಮಕ್ಕಳನ್ನು ಉಳಿಸಿದವರು ಸಾಮಾನ್ಯ ಜನ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಒಪ್ಪಿಸಿದವರೂ ಸಾಮಾನ್ಯರು, ಕಿಟಕಿ ಪರದೆ ಎಳೆದುಕೊಂಡವರೂ ಸಾಮಾನ್ಯರು.

ಹಾಗಾದರೆ ವ್ಯತ್ಯಾಸ ಎಲ್ಲಿ? ಸ್ಯಾಮ್ಯುಯೆಲ್ ಒಲಿನರ್ ಎಂಬ ಸಮಾಜಶಾಸ್ತ್ರಜ್ಞನನ್ನು ಈ ಪ್ರಶ್ನೆ ಬದುಕಿನುದ್ದಕ್ಕೂ ಬಿಡಲಿಲ್ಲ. ಪೋಲೆಂಡಿನಲ್ಲಿ ಹನ್ನೆರಡರ ಹುಡುಗನಾಗಿದ್ದಾಗ ಅವನ ಮನೆಯವರೆಲ್ಲ ಕೊಲೆಯಾಗಿ, ಒಬ್ಬ ರೈತ ಹೆಂಗಸು ಅವನಿಗೆ ಹೊಸ ಹೆಸರಿಟ್ಟು ಕ್ರೈಸ್ತ ಪ್ರಾರ್ಥನೆ ಕಲಿಸಿ ಬದುಕಿಸಿದ್ದಳು. ಮುಂದೆ ಅಮೆರಿಕದಲ್ಲಿ ಪ್ರಾಧ್ಯಾಪಕನಾಗಿ, ಪತ್ನಿ ಪರ್ಲ್ ಜೊತೆಗೂಡಿ, ಯೆಹೂದಿಗಳನ್ನು ಉಳಿಸಿದ 400ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ. 1988ರಲ್ಲಿ ಹೊರಬಂದ ಆ ಅಧ್ಯಯನದಲ್ಲಿ ಓದು, ಆಸ್ತಿ, ದೇವಭಕ್ತಿ ಯಾವುದೂ ಉಳಿಸಿದವರನ್ನು ಉಳಿದವರಿಂದ ಬೇರ್ಪಡಿಸುವ ಗೆರೆಯಾಗಿ ಕಾಣಲಿಲ್ಲ. ಎಳವೆಯಲ್ಲಿ ಹೊಡೆತಕ್ಕಿಂತ ತಿಳಿಹೇಳುವುದನ್ನು ಹೆಚ್ಚು ಕಂಡವರು, ತಮ್ಮವರು ಎಂಬ ವೃತ್ತವನ್ನು ಜಾತಿ ಮತ ಮೀರಿ ಎಳೆಯಲು ಮನೆಯಲ್ಲಿ ಕಲಿತವರು ಉಳಿಸಿದವರಲ್ಲಿ ಹೆಚ್ಚಾಗಿದ್ದರು. ಇನ್ನೊಂದು ಸಂಗತಿಯೂ ಹೊರಬಿತ್ತು. ಅವರಲ್ಲಿ ಹೆಚ್ಚಿನವರು ತಾವಾಗಿ ಮುಂದೆ ಬಂದವರಲ್ಲ, ಯಾರೋ ಬಂದು ಕೇಳಿದ್ದರಿಂದ ಒಪ್ಪಿದವರು.

ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಒಳ್ಳೆಯತನದ ಬಗ್ಗೆ ನಮ್ಮ ಕಲ್ಪನೆಯನ್ನು ಇದು ಬುಡಮೇಲು ಮಾಡುತ್ತದೆ. ಒಳ್ಳೆಯತನ ಒಳಗಿನಿಂದ ಉಕ್ಕುವುದು, ಧೀರನಾದವನು ಅನ್ಯಾಯ ಕಂಡು ತಾನಾಗಿ ಎದ್ದು ನಿಲ್ಲುವುದು ಎಂದು ನಾವು ಭಾವಿಸಿದ್ದೇವೆ. ಅಲ್ಲಿ ನಡೆದದ್ದು ಬೇರೆ. ಸಂಜೆ ಹೊತ್ತು ಅಡುಗೆಮನೆಯ ಬಾಗಿಲು ಸದ್ದಾಯಿತು. ಗುರುತಿನ ಪಾದ್ರಿಯೋ, ಶಾಲೆ ಮೇಷ್ಟರೋ, ಮುಖವೇ ನೋಡಿರದ ಒಬ್ಬ ಹುಡುಗಿಯೋ ಒಂದು ಮಗುವಿನ ಕೈ ಹಿಡಿದು ನಿಂತಿದ್ದಾರೆ. ಎರಡು ದಿನದ ಮಟ್ಟಿಗೆ ಇಟ್ಟುಕೊಳ್ಳುತ್ತೀರಾ? ಯೋಚಿಸಿ ಹೇಳುತ್ತೇನೆ ಎನ್ನಲು ಹೊತ್ತಿಲ್ಲ. ಎರಡು ದಿನಕ್ಕೆಂದು ಬಂದ ಮಗು ಎರಡು ವರ್ಷ ಉಳಿದ ಮನೆಗಳು ಎಷ್ಟೋ.

ಹಾಗಾದರೆ ಆ ಹುಡುಗಿ ಆ ಬಾಗಿಲನ್ನೇ ಏಕೆ ತಟ್ಟಿದಳು? ತಪ್ಪು ಬಾಗಿಲು ತಟ್ಟಿದರೆ ಮಗುವೂ ಹೋಯಿತು, ತಾನೂ ಹೋದಳು. ಊರಿನಲ್ಲಿ ಯಾರನ್ನು ಕೇಳಬಹುದು, ಯಾರನ್ನು ಕೇಳಬಾರದು ಎಂಬ ನಕ್ಷೆಯೊಂದು ಜನರ ಮನಸ್ಸಿನಲ್ಲಿ ಯುದ್ಧಕ್ಕೆ ಮುಂಚೆಯೇ ತಯಾರಾಗಿತ್ತೆನ್ನಬೇಕು. ಸಾಲ ಕೇಳಲು ಬಂದವರನ್ನು ಒಬ್ಬನು ಹೇಗೆ ಮಾತಾಡಿಸಿದ, ಮದುವೆಯಾಗದೆ ಬಸಿರಾದವಳ ಬಗ್ಗೆ ಒಬ್ಬಳು ಏನೆಂದಳು, ತನ್ನ ಚರ್ಚಿಗೆ ಸೇರದ ನೆರೆಯವನಿಗೆ ಕಾಯಿಲೆಯಾದಾಗ ಯಾರು ಹೋಗಿ ನೋಡಿದರು, ಇಂಥ ಸಣ್ಣಪುಟ್ಟ ನಡೆಗಳಿಂದಲೇ ಆ ನಕ್ಷೆ ಬರೆಯಲ್ಪಡುವುದು. ಯುದ್ಧ ಬಂದಾಗ ನಾನು ಧೈರ್ಯ ತೋರುತ್ತಿದ್ದೆನೇ ಎಂದು ಕುರ್ಚಿಯಲ್ಲಿ ಕೂತು ಕೇಳಿಕೊಳ್ಳುವುದು ಸುಲಭ, ಅದಕ್ಕೆ ನಮಗೆ ಬೇಕಾದ ಉತ್ತರವನ್ನೇ ಕೊಟ್ಟುಕೊಳ್ಳಬಹುದು. ನನ್ನ ಮನೆಯನ್ನು ತಟ್ಟಬಹುದಾದ ಬಾಗಿಲೆಂದು ಯಾರಾದರೂ ಎಣಿಸಿದ್ದಾರೆಯೇ ಎಂಬ ಪ್ರಶ್ನೆ ಕಷ್ಟದ್ದು. ಅದಕ್ಕೆ ಉತ್ತರ ಬೇರೆಯವರ ಬಳಿ ಇದೆ.

ಇಲ್ಲ ಎಂದವರನ್ನು ಹಳಿಯುವುದೂ ಸರಿಯಲ್ಲ. ಸಿಕ್ಕಿಬಿದ್ದರೆ ಜೈಲು, ಶಿಬಿರ. ಮನೆಯಲ್ಲಿ ತಮ್ಮವೇ ಮಕ್ಕಳು. ಪರರ ಮಗುವಿಗಾಗಿ ತನ್ನ ಮಗುವನ್ನು ಪಣಕ್ಕಿಡು ಎಂದು ಹೇಳುವ ಹಕ್ಕು ಯಾರಿಗಿದೆ? ಹೂಂ ಎಂದವರೂ ಈ ಪ್ರಶ್ನೆಗೆ ಉತ್ತರ ಕಂಡುಕೊಂಡು ಹೂಂ ಎಂದವರಲ್ಲ. ಮುಂದೆ ನಿಂತ ಮಗುವನ್ನು ಹಿಂದಕ್ಕೆ ಕಳಿಸಲಾಗಲಿಲ್ಲ, ಅಷ್ಟೇ.

ಹೂಂ ಎಂದ ಕೂಡಲೇ ಸುಳ್ಳು ಶುರುವಾಗುತ್ತಿತ್ತು. ಇವನು ನಮ್ಮಣ್ಣನ ಮಗ, ಬಾಂಬಿಗೆ ಮನೆ ಹೋಯಿತು. ಇವಳು ನನ್ನದೇ ಕೂಸು, ಅಪ್ಪ ಯಾರೆಂದು ಕೇಳಬೇಡಿ. ಮೇರಿಯನ್ ಪ್ರಿಚರ್ಡ್ ಎಂದು ಮುಂದೆ ಹೆಸರಾದ ವಿದ್ಯಾರ್ಥಿನಿ ಯೆಹೂದಿ ಕೂಸುಗಳನ್ನು ತನ್ನವೆಂದು, ಮದುವೆಯಿಲ್ಲದೆ ಹೆತ್ತವೆಂದು ಕಚೇರಿಯಲ್ಲಿ ದಾಖಲಿಸಿದಳು. ಆ ಕಾಲದಲ್ಲಿ ಒಬ್ಬ ಹುಡುಗಿಯ ಮಾನಕ್ಕೆ ಅದೆಂಥ ಏಟು ಎಂಬುದನ್ನು ವಿವರಿಸಬೇಕಿಲ್ಲ. ಅವಳು ಒಬ್ಬ ತಂದೆಯನ್ನೂ ಅವನ ಮೂರು ಮಕ್ಕಳನ್ನೂ ಹಳ್ಳಿಯ ಮನೆಯ ನೆಲದಡಿ ಬಚ್ಚಿಟ್ಟಿದ್ದಳು. ಹುಡುಕಿ ಏನೂ ಸಿಗದೆ ಹೋದ ಡಚ್ ನಾಜಿ ಪೊಲೀಸನೊಬ್ಬ ಸ್ವಲ್ಪ ಹೊತ್ತಿಗೆ ಒಬ್ಬನೇ ಮರಳಿ ಬಂದ. ಮಕ್ಕಳು ಅಡಗುದಾಣದಿಂದ ಹೊರಬಂದಿದ್ದರು. ಅವಳು ಅವನನ್ನು ಗುಂಡಿಕ್ಕಿ ಕೊಂದಳು. ಊರಿನವರ ನೆರವಿನಿಂದ ಹೆಣ ಗುಟ್ಟಾಗಿ ಮಣ್ಣಾಯಿತು. ಮುಂದಿನ ದಶಕಗಳಲ್ಲಿ ಅವಳು ಈ ಘಟನೆಯನ್ನು ಹೆಮ್ಮೆಯಿಂದ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸುಳ್ಳಾಡೆನೆಂದು ವ್ರತ ತೊಟ್ಟವನು, ದರೋಡೆಕೋರರು ಬಂದು ಕೇಳಿದಾಗ ಓಡಿಹೋದವರು ಅಡಗಿದ ಜಾಗವನ್ನು ನಿಜವಾಗಿಯೇ ಹೇಳಿಬಿಟ್ಟ. ಅವರು ಸತ್ತರು, ಅವನು ನರಕಕ್ಕೆ ಹೋದ. ಕೌಶಿಕನ ಸತ್ಯ ಅವನ ಸ್ವಂತ ಆಸ್ತಿ. ಅದಕ್ಕೆ ಮಸಿ ತಾಗಬಾರದೆಂಬುದೇ ಅವನ ಚಿಂತೆ. ಮಕ್ಕಳನ್ನು ಉಳಿಸಿದವರು ತಮ್ಮ ಕೈ ಶುದ್ಧವಾಗಿರಬೇಕೆಂಬ ಆಸೆಯನ್ನೇ ಮೊದಲು ಬಿಟ್ಟವರು. ತಾನು ಒಳ್ಳೆಯವನಾಗಿ ಉಳಿಯಬೇಕೆಂಬ ಹಟ ಕೆಲವೊಮ್ಮೆ ಒಳ್ಳೆಯ ಕೆಲಸಕ್ಕೇ ಅಡ್ಡಿಯಾಗುತ್ತದೆ ಎಂಬುದನ್ನು ಅವರು ಮಾಡಿಯೇ ತಿಳಿದರು.

ಶಿಶುವಿಹಾರದ ಪಕ್ಕದಲ್ಲಿ ಶಿಕ್ಷಕರ ತರಬೇತಿ ಕಾಲೇಜೊಂದಿತ್ತು. ಎರಡರ ಹಿತ್ತಲೂ ಒಂದಕ್ಕೊಂದು ತಾಗಿದ್ದವು. ಅದನ್ನು ನಡೆಸುತ್ತಿದ್ದ ಯೋಹಾನ್ ವಾನ್ ಹುಲ್ಸ್ಟ್‌ಗೆ ಆಗ ಮೂವತ್ತು ದಾಟಿತ್ತಷ್ಟೆ. ಹಿತ್ತಲ ಬೇಲಿಯ ಮೇಲಿಂದ ಮಕ್ಕಳನ್ನು ಈಚೆ ದಾಟಿಸಿ, ತರಗತಿಯೊಂದರಲ್ಲಿ ಮಲಗಿಸಿ, ಹೊತ್ತು ನೋಡಿ ಹೊರಗೆ ಕಳಿಸುತ್ತಿದ್ದರು. ಒಂದು ದಿನ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಮಕ್ಕಳನ್ನು ಕಂಡು, ಇವು ಯೆಹೂದಿ ಮಕ್ಕಳೇ ಎಂದು ಕೇಳಿದ. ಆ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆಂದು ನೀವೂ ನಿರೀಕ್ಷಿಸಲಾರಿರಿ ಎಂಬರ್ಥದ ಮಾತಾಡಿದ ವಾನ್ ಹುಲ್ಸ್ಟ್. ಇನ್ಸ್‌ಪೆಕ್ಟರ್ ಅವನ ಕೈ ಕುಲುಕಿ, ಜೋಪಾನ ಎಂದು ಹೇಳಿ ಹೋದ. ಅಧಿಕಾರಿಯೊಬ್ಬ ಮತ್ತೆ ಕೇಳದೆ ಹೋದದ್ದರಿಂದಲೂ ಮಕ್ಕಳು ಉಳಿದರು.

1943ರ ಸೆಪ್ಟೆಂಬರಿನಲ್ಲಿ ಶಿಶುವಿಹಾರವನ್ನು ಖಾಲಿ ಮಾಡಿಸುವುದು ಖಚಿತವಾಯಿತು. ಸುಮಾರು ನೂರು ಮಕ್ಕಳು ಇನ್ನೂ ಅಲ್ಲಿದ್ದರು. ಎಷ್ಟು ಮಕ್ಕಳನ್ನು ಒಯ್ಯಬಲ್ಲಿರಿ ಎಂಬ ಪ್ರಶ್ನೆ ವಾನ್ ಹುಲ್ಸ್ಟ್ ಮುಂದೆ ಬಂತು. ಎಲ್ಲರನ್ನೂ ಒಯ್ಯಲಾಗದು, ಹೆಚ್ಚು ಒಯ್ದರೆ ಎಲ್ಲರೂ ಸಿಕ್ಕಿಬೀಳುತ್ತಾರೆ. ಅವನು 12 ಮಕ್ಕಳನ್ನು ಆರಿಸಿಕೊಂಡ. 107 ವರ್ಷ ಬದುಕಿ 2018ರಲ್ಲಿ ತೀರಿಕೊಂಡ ಆತ ಸಂಸತ್ತಿನ ಮೇಲ್ಮನೆಯಲ್ಲಿ ಕೂತ, ಪ್ರಾಧ್ಯಾಪಕನಾದ, ಯಾದ್ ವಶೆಮ್ ಗೌರವ ಪಡೆದ. ಮುಪ್ಪಿನಲ್ಲಿ ಯಾರು ಹೊಗಳಿದರೂ ಅವನ ಮಾತು ತಿರುಗುತ್ತಿದ್ದುದು ಬಿಟ್ಟುಬಂದ ಮಕ್ಕಳ ಕಡೆಗೆ, ಹದಿಮೂರನೆಯದನ್ನು ಏಕೆ ಎತ್ತಿಕೊಳ್ಳಲಿಲ್ಲ ಎಂಬುದರ ಕಡೆಗೆ. ಹೊರಗಿನವರು ಉಳಿದವರನ್ನು ಎಣಿಸುತ್ತಾರೆ. ಉಳಿಸಿದವನು ಎಣಿಸುತ್ತಿದ್ದುದು ಉಳಿಯದವರನ್ನು.

ಇನ್ನು ಎರಡನೆಯ ಮಾತುಕತೆ. 1945ರ ಮೇ ತಿಂಗಳಲ್ಲಿ ದೇಶಕ್ಕೆ ಬಿಡುಗಡೆಯಾಯಿತು. ಅಡಗಿದ್ದು ಉಳಿದ ಮಕ್ಕಳಲ್ಲಿ ಸುಮಾರು 2,000 ಮಕ್ಕಳಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಉಳಿದವರನ್ನು ಹುಡುಕಿಕೊಂಡು ಸವೆದುಹೋದ ಹೆಂಗಸೋ ಗಂಡಸೋ ಬಾಗಿಲಿಗೆ ಬಂದರು. ಮಗುವಿಗೆ ಗುರುತಿಲ್ಲ. ಅದು ಅಮ್ಮ ಎನ್ನುವುದು ಸಾಕಿದವಳನ್ನು. ಬಂದವಳನ್ನು ಕಂಡು ಸಾಕಿದವಳ ಸೆರಗಿನ ಹಿಂದೆ ಅವಿತುಕೊಳ್ಳುತ್ತದೆ. ಪ್ರಾಣವನ್ನೇ ಒತ್ತೆಯಿಟ್ಟು ಸಾಕಿದವಳು ಈಗ ಆ ಕೈಬೆರಳನ್ನು ಬಿಡಿಸಿ ಒಪ್ಪಿಸಬೇಕು. ಜರ್ಮನ್ನರು ಬಂದಾಗ ಹೂಂ ಎನ್ನಲು ಎಷ್ಟು ಬಲ ಬೇಕಾಗಿತ್ತೋ ಈಗಲೂ ಅಷ್ಟೇ ಬೇಕು. ಆಗಿನ ಹೂಂಗೆ ಮುಂದೆ ಪದಕ ಬಂತು. ಈ ಹೂಂಗೆ ಯಾವ ಪದಕವೂ ಇಲ್ಲ.

ಕೆಲವರಿಂದ ಆಗಲಿಲ್ಲ. ಸರ್ಕಾರ ಅನಾಥ ಮಕ್ಕಳ ವಿಷಯ ತೀರ್ಮಾನಿಸಲು ಒಂದು ಆಯೋಗ ಮಾಡಿತು. ಅದರ ಅಧ್ಯಕ್ಷೆ ಗೆಸಿನಾ ವಾನ್ ಡರ್ ಮೋಲನ್ ಸ್ವತಃ ಮಕ್ಕಳನ್ನು ಪಾರುಮಾಡಿದ ಧೀರೆ, ಕಾನೂನು ಓದಿದವಳು, ದೃಢ ಕ್ರೈಸ್ತ ನಂಬಿಕೆಯವಳು. ಮಗು ಬೇರುಬಿಟ್ಟ ಮನೆಯಿಂದ ಅದನ್ನು ಮತ್ತೆ ಕೀಳಬಾರದೆಂಬುದು ಅವಳ ಕಡೆಯವರ ವಾದ. ಕುಲವೇ ಅಳಿದುಹೋದ ಮೇಲೆ ಉಳಿದ ಮಕ್ಕಳನ್ನೂ ನಮ್ಮಿಂದ ದೂರ ಮಾಡುತ್ತೀರಾ ಎಂಬುದು ಯೆಹೂದಿಗಳ ವಾದ. ಎರಡರಲ್ಲೂ ಸತ್ಯವಿತ್ತು, ಜಗಳ ವರ್ಷಗಟ್ಟಲೆ ನಡೆಯಿತು. ನೂರಾರು ಮಕ್ಕಳು ಕ್ರೈಸ್ತ ಮನೆಗಳಲ್ಲೇ ಉಳಿದರು. ಒಬ್ಬ ಹುಡುಗಿಯನ್ನಂತೂ ಸಾಕಿದವರು ನ್ಯಾಯಾಲಯದ ತೀರ್ಪಿಗೂ ಒಪ್ಪದೆ ಬಚ್ಚಿಟ್ಟರು. ನಾಜಿಗಳಿಂದ ಅಡಗಿಸಿದ ಮಗುವನ್ನು ಈಗ ಅದರ ಸ್ವಂತ ಜನರಿಂದ ಅಡಗಿಸಿದರು. ಅವಳು ಮತ್ತೆ ಬೆಳಕಿಗೆ ಬಂದದ್ದು ಪ್ರಾಯಕ್ಕೆ ಬಂದ ಮೇಲೆ, 1961ರಲ್ಲಿ.

ಪ್ರೀತಿಯಿಂದಲೇ ಆದ ತಪ್ಪು ಇದು. ಆದ್ದರಿಂದಲೇ ಇದನ್ನು ಕಣ್ಣುಬಿಟ್ಟು ನೋಡಬೇಕು. ಉಳಿಸಿದ ಮಗು ನನ್ನದು ಎನ್ನಿಸುವುದು ಸಹಜ. ಆದರೆ ಹಾಗೆ ಅನ್ನಿಸಿದ ಗಳಿಗೆಯಿಂದ ಕಾಪಾಡುವುದು ಕೈವಶ ಮಾಡಿಕೊಳ್ಳುವುದಾಗಿ ತಿರುಗುತ್ತದೆ. ನಾಟಕಶಾಲೆಯಲ್ಲಿ ಗೊಂಬೆ ಹಿಡಿದು ಹೊರಟವಳು ಮಗುವನ್ನು ದಾನ ಕೊಟ್ಟಿರಲಿಲ್ಲ. ಬದುಕಿ ಬಂದರೆ ಕೇಳುತ್ತೇನೆ ಎಂಬ ಮಾತು ಅವಳ ಮೌನದಲ್ಲಿತ್ತು. ಅವಳು ಬಾರದೆ ಹೋದರೂ ಆ ಮಾತು ಅಳಿಯುವುದಿಲ್ಲ. ಮಗುವಿಗೆ ಅದರ ನಿಜವಾದ ಹೆಸರು, ಹೆತ್ತವರ ಊರು, ಅವರ ದೇವರು ಇವನ್ನು ತಿಳಿಸಿ ಹೇಳುವುದೂ ತಿರುಗಿ ಕೊಡುವುದೇ. ಹೆತ್ತವರ ಸುದ್ದಿಯನ್ನು ಮಗುವಿನ ಕಿವಿಯಲ್ಲಿ ಬಿಡದೆ ಹಾಕುತ್ತಿದ್ದ ಮನೆಗಳೂ ಇದ್ದವು. ಮಗುವನ್ನು ಒಪ್ಪಿಸಿದ ಮೇಲೂ ಬದುಕಿರುವವರೆಗೆ ಅದಕ್ಕೆ ಇನ್ನೊಂದು ತವರಾಗಿ ಉಳಿದವರೂ ಇದ್ದರು.

ಇದು ಬರೀ ಭಾವನೆಯ ಮಾತಲ್ಲ ಎಂದು ತೋರಿಸಿದವನು ಹಾನ್ಸ್ ಕೈಲ್ಸನ್. ವೈದ್ಯ, ಕಾದಂಬರಿಕಾರ, ತಾನೇ ನೆದರ್ಲೆಂಡ್ಸ್‌ನಲ್ಲಿ ಅಡಗಿ ಬದುಕಿದ ಯೆಹೂದಿ. ಯುದ್ಧದ ದಿನಗಳಲ್ಲೇ ಕಳ್ಳಹೆಸರಿನಲ್ಲಿ ಓಡಾಡಿ ಅಡಗಿದ್ದ ಮಕ್ಕಳನ್ನು ನೋಡಿಬರುತ್ತಿದ್ದ. ಮುಂದೆ ಸುಮಾರು 200 ಅನಾಥರನ್ನು ದಶಕಗಳ ಕಾಲ ಹಿಂಬಾಲಿಸಿ 1979ರಲ್ಲಿ ತನ್ನ ಅಧ್ಯಯನ ಪ್ರಕಟಿಸಿದ. ಮಕ್ಕಳ ನೋವನ್ನು ಅವನು ಮೂರು ಘಟ್ಟಗಳಾಗಿ ನೋಡಿದ: ಆಕ್ರಮಣದ ಭಯದ ದಿನಗಳು, ಹೆತ್ತವರಿಂದ ಅಗಲಿ ಅಡಗಿದ ದಿನಗಳು, ಯುದ್ಧದ ನಂತರದ ದಿನಗಳು. ಅಡಗಿದ್ದಾಗ ತುಂಬ ಕಷ್ಟಪಟ್ಟು ಆಮೇಲೆ ಒಳ್ಳೆಯ ಆಸರೆ ಸಿಕ್ಕ ಮಕ್ಕಳು, ಅಡಗಿದ್ದಾಗ ಸುಖವಾಗಿದ್ದು ಆಮೇಲೆ ನೆಲೆ ಕೆಟ್ಟ ಮಕ್ಕಳಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಎಲ್ಲರೂ ಮುಗಿಯಿತು ಎಂದುಕೊಂಡ ಮೇಲಿನ ಆ ಮೂರನೆಯ ಘಟ್ಟವೇ ಮಕ್ಕಳ ಪಾಲಿಗೆ ನಿರ್ಣಾಯಕವಾಗಿತ್ತು.

ಕೈಲ್ಸನ್ ಕಂಡದ್ದು ನಿಜವಾದರೆ ಮಕ್ಕಳನ್ನು ಉಳಿಸುವುದು ಕೆಲವೇ ಧೀರರಿಗೆ ಮೀಸಲಾದ ಕೆಲಸವಲ್ಲ. ಮೊದಲ ಎರಡು ಘಟ್ಟಗಳಿಗೆ ಪ್ರಾಣ ಒತ್ತೆಯಿಡುವವರು ಬೇಕು, ಅಂಥವರು ಯಾವ ಕಾಲದಲ್ಲೂ ಕಡಿಮೆ. ಮೂರನೆಯದಕ್ಕೆ ಬೇಕಾದವರು ತಾಳ್ಮೆಯಿಂದ ಕಿವಿಗೊಡುವವರು: ತಡವಾಗಿ ಬಂದ ಮಗುವನ್ನು ಅದರ ಎರಡು ಹೆಸರುಗಳೊಂದಿಗೆ ಒಪ್ಪಿಕೊಳ್ಳುವ ಮೇಷ್ಟರು, ಸಾಕಿದವಳನ್ನೂ ಹೆತ್ತವಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ನೆಂಟರು, ಇದು ಯಾರ ಮಗು ಎಂದು ಕೇಳುವ ಬದಲು ಈ ಮಗುವಿಗೆ ಯಾರು ಯಾರಿದ್ದಾರೆ ಎಂದು ಕೇಳಬಲ್ಲ ಸಮಾಜ. ಯುದ್ಧ ಮುಗಿದ ದೇಶಗಳಲ್ಲೂ ಯುದ್ಧವೇ ಕಾಣದ ಊರುಗಳಲ್ಲೂ ಹೀಗೆ ಕೈ ಬದಲಾದ ಮಕ್ಕಳು ಇದ್ದೇ ಇರುತ್ತಾರೆ. ಅವರ ಪಾಲಿನ ಮೂರನೆಯ ಘಟ್ಟ ನಮ್ಮಂಥವರ ಕೈಯಲ್ಲಿದೆ. ಅಲ್ಲಿ ಕಾವಲುಗಾರನಿಲ್ಲ, ಅಡಗಿಸಿಕೊಳ್ಳಲು ಟ್ರಾಮೂ ಬೇಕಿಲ್ಲ. ಆಗುವುದಿಲ್ಲ ಎನ್ನಲು ನಮಗೆ ಭಯದ ನೆಪವೂ ಇಲ್ಲ.